ಉತ್ತರ ಬಾರದ ಊರು

ನಾನು ಒಂದು ಪ್ರಶ್ನೆ. ಕಂಪ್ಯೂಟರಿಗೆ ಕೇಳುವ ಪ್ರಶ್ನೆ. ಜಿಲ್ಲೆಯ ಆಂಬುಲೆನ್ಸ್ ಕಚೇರಿಯಲ್ಲಿ ಶಶಿರೇಖಾ ಮೇಡಂ ಅವರ ಬೆರಳ ತುದಿಯಲ್ಲಿ ಹುಟ್ಟಿದೆ. ಹಾವಿನ ವಿಷಕ್ಕೆ ಕೊಡುವ ಔಷಧಿ ಈಗ ಯಾವ ಆಸ್ಪತ್ರೆಯಲ್ಲಿದೆ? ಇಷ್ಟೇ ನನ್ನ ಬಾಳು. ಒಂದೊಂದು ಆಸ್ಪತ್ರೆಯ ಲೆಕ್ಕ ಅದರದರ ಕಂಪ್ಯೂಟರಿನಲ್ಲೇ ಇರುವುದರಿಂದ, ಗುಂಡಿ ಒತ್ತಿದೊಡನೆ ನಾನು ಎಲ್ಲ ಊರಿಗೂ ಒಟ್ಟಿಗೇ ಓಡಬೇಕು. ಅಷ್ಟೂ ಊರಲ್ಲಿ ಓಡುತ್ತಿರುವುದು ನಾನೊಂದೇನಾ, ಇಲ್ಲಾ ನನ್ನಂಥವೇ ಹಲವಾರಾ? ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮೊದಮೊದಲು ಎಲ್ಲ ಊರಿನ ಉತ್ತರ ಬರುವವರೆಗೂ ಕಾಯುತ್ತಿದ್ದೆ. ಕಲ್ಲಗುಂಡಿಯ ಆಸ್ಪತ್ರೆಯಲ್ಲಿ ಕರೆಂಟು ಹೋದರೆ ಮುಗಿಯಿತು, ಕಚೇರಿಯೆಲ್ಲ ನನ್ನ ದಾರಿ ಕಾಯುತ್ತಾ ಕೂರಬೇಕು. ಮೇಡಂಗೆ ವರ್ಗವಾಗಿ ನಾನು ವಿಶ್ವಾರಾಧ್ಯರ ಕೈಗೆ ಬಂದೆ. ಅವರಿಗೆ ತಡವೆಂದರೆ ಆಗದು. ಬಂದಷ್ಟು ಉತ್ತರ ಹಿಡಿದು ವಾಪಸಾಗು, ಬಾರದ ಊರಿನ ಮುಂದೆ 'ಇಲ್ಲ' ಎಂದು ಬರೆದುಬಿಡು ಎಂದು ನನ್ನನ್ನು ತಿದ್ದಿದರು. ಕಣ್ಣು ಮಿಟುಕಿಸುವುದರೊಳಗೆ ಮರಳತೊಡಗಿದೆ. ಎಲ್ಲರೂ ಭೇಷ್ ಅಂದರು. ನಾನೂ ಉಬ್ಬಿಹೋದೆ.

ಒಂದು ಮಧ್ಯಾಹ್ನ ಫೋನೆತ್ತುವ ಮಾಬೂಬಿ ಗಾಬರಿಯಿಂದ ಗುಂಡಿ ಒತ್ತಿದಳು. ಕಲ್ಲಗುಂಡಿಯ ಹತ್ತಿರದ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಹೆಣ್ಣುಮಗಳಿಗೆ ಹಾವು ಕಡಿದಿತ್ತು. ಓಡಿದೆ. ಕಲ್ಲಗುಂಡಿ ಮಾತೇ ಆಡಲಿಲ್ಲ. ಎಂದಿನಂತೆ 'ಇಲ್ಲ' ಎಂದು ಬರೆದು ತಂದೆ. ಇದೆ ಎಂದದ್ದು ದೂರದ ಜಿಲ್ಲಾಸ್ಪತ್ರೆ ಒಂದೇ. ಆಂಬುಲೆನ್ಸು ಆಕೆಯನ್ನು ಹತ್ತಿಸಿಕೊಂಡು ಅತ್ತ ಹೊರಟಿತು.

ಮಾಬೂಬಿಗೆ ಮಾತ್ರ ಸಮಾಧಾನವಾಗಲಿಲ್ಲ. ನಿನ್ನೆ ಕಲ್ಲಗುಂಡಿಯಲ್ಲಿ ಇದ್ದದ್ದು ಇವತ್ತು ಎಲ್ಲಿ ಹೋಯಿತೆಂದು ಗೊಣಗುತ್ತಾ ಅಲ್ಲಿನ ನರ್ಸಿಗೆ ಫೋನು ಹಚ್ಚಿದಳು.

"ಹಾವಿನ ಔಷಧಿ ಐತೇನ್ರಿ ಅಕ್ಕಾರ?"

"ಐಸಿನ ಡಬ್ಬ್ಯಾಗ ಇಟ್ಟೇನ್ರಿ. ಕರೆಂಟಿಲ್ಲ, ಕಂಪ್ಯೂಟರ್ ಬಂದ್ ಆಗೇತಿ. ಇಲ್ಲಂತ ಯಾರಂದ್ರು?"

ಅಂದದ್ದು ನಾನು. ಆದರೆ ಅಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಹಾಗಾದರೆ ನಾನು ಸುಳ್ಳು ಹೇಳಿದೆನೇ? ತಲೆ ಕೆಟ್ಟುಹೋಯಿತು. ಅಷ್ಟರಲ್ಲಿ ಕಲ್ಲಗುಂಡಿ ದಾಟಿಹೋಗಿದ್ದ ಗಾಡಿಯನ್ನು ಮಾಬೂಬಿ ತಿರುಗಿಸಿದಳು. ಆ ಹೆಣ್ಣುಮಗಳು ಉಳಿದಳೆಂಬ ಸುದ್ದಿ ಬಂದಾಗ ನನಗೆ ಅಳಬೇಕೆನಿಸಿತು. ಅಳುವುದು ಹೇಗೆಂದು ತಿಳಿಯಲಿಲ್ಲ.

ವಿಶ್ವಾರಾಧ್ಯರು ಅಂದೇ ಕೂತು ಹೊಸ ಪ್ರಶ್ನೆಯೊಂದನ್ನು ಬರೆದರು. ಅದೂ ಯಾರಿಗೂ ಕಾಯುವುದಿಲ್ಲ. ಆದರೆ ಉತ್ತರ ಬಾರದ ಊರಿನ ಮುಂದೆ 'ಗೊತ್ತಿಲ್ಲ, ಫೋನು ಮಾಡಿ' ಎಂದು ಕೆಂಪಕ್ಷರದಲ್ಲಿ ತೋರಿಸುತ್ತದೆ. ನನ್ನ ಸಾಲುಗಳ ಮುಂದೆ ಎರಡೆರಡು ಗೀಟು ಎಳೆದು ಫೈಲಿನ ತಳದಲ್ಲಿ ಮಲಗಿಸಿದ್ದಾರೆ. ಗೀಟಿನ ಹಿಂದಿರುವುದನ್ನು ಕಂಪ್ಯೂಟರು ಓದುವುದಿಲ್ಲ.

ಈಗ ನಾನು ಯಾವ ಊರಿಗೂ ಹೋಗುವುದಿಲ್ಲ, ಯಾರಿಗೂ ಉತ್ತರ ತರುವುದಿಲ್ಲ. ಹಾಗೆಂದು ನನ್ನ ಹೆಸರಿನ ಮುಂದೆ 'ಇಲ್ಲ' ಎಂದು ಬರೆದುಬಿಡಬೇಡಿ.