ಹೂಂಗುಟ್ಟಿದ ತೀರ್ಪುಗಾರರು

ಹುಣಸೂರಿನ ‘ಬಾಯಿಗತೆ ಬಳಗ’ದ ಕಾರ್ಯದರ್ಶಿ ನಟರಾಜು ಮೈಕಿನಲ್ಲಿ ಮೂರು ಸಲ ಹೇಳಿದರು: ಮೊಬೈಲು ಆಫ್ ಮಾಡಿ, ಕಥೆ ಮುಗಿಯುವವರೆಗೆ ಯಾರೂ ತುಟಿ ಬಿಚ್ಚಬೇಡಿ. ಸಭಿಕರು ಹೇಳಿದಂತೆ ಕೇಳಿದರು. ಇಂಥ ಸಭೆಗಳಲ್ಲಿ ಅದು ಅಪರೂಪ. ಅನಾಹುತಕ್ಕೆ ಕಾರಣವೂ ಅದೇ.

ಈ ಸ್ಪರ್ಧೆಯಲ್ಲಿ ಹದಿನೈದು ನಿಮಿಷದೊಳಗೆ ಒಂದು ಕಥೆ ಮುಗಿಸಿ ಆಯ್ಕೆಯಾದವರನ್ನು ಬಳಗ ಶಾಲೆಗಳಿಗೆ ಕಥೆ ಹೇಳಲು ಕಳಿಸುತ್ತದೆ. ಕಟ್ಟೆಮಳಲವಾಡಿಯ ರುಕ್ಮಿಣಮ್ಮನವರಿಗೆ ಅದು ಬೇಕೇ ಬೇಕಿತ್ತು. ಮೊಮ್ಮಕ್ಕಳು ಕಥೆಗೆ ಕೂರುವ ವಯಸ್ಸು ದಾಟಿದ್ದರು. ಅವ್ವ ಕಲಿಸಿದ ನಲವತ್ತು ಕಥೆಗಳು ಹೊಟ್ಟೆಯಲ್ಲೇ ಉಳಿದಿದ್ದವು.

“ಒಂದೂರಲ್ಲಿ ಒಬ್ಳು ಅಜ್ಜಿ ಇದ್ಲು,” ಎಂದು ಶುರುಮಾಡಿ ಕಾದರು. ಸಭೆ ಸುಮ್ಮನಿತ್ತು.

ಊರಲ್ಲಾದರೆ, ಹೊಗೆಸೊಪ್ಪು ಕಡ್ಡಿಗೆ ಕಟ್ಟುವಾಗ ವಾರಗಿತ್ತಿ ಭಾಗ್ಯಮ್ಮ ಪಕ್ಕದಲ್ಲಿ ಕೂತು ಪ್ರತಿ ಮಾತಿಗೂ ಹೂಂಗುಟ್ಟುತ್ತಿದ್ದರು. ಹೂಂ ಬಾರದೆ ಮುಂದಿನ ಮಾತು ಹೊರಡಿಸಿ ರುಕ್ಮಿಣಮ್ಮನವರಿಗೆ ಅಭ್ಯಾಸವೇ ಇಲ್ಲ.

“ಒಂದೂರಲ್ಲಿ ಒಬ್ಳು ಅಜ್ಜಿ ಇದ್ಲು!” ಈ ಸಲ ಜೋರಾಗಿ.

ಇಬ್ಬರು ತೀರ್ಪುಗಾರರಲ್ಲಿ ಒಬ್ಬರು ‘ಪುನರುಕ್ತಿ’ ಎಂದು ಬರೆದುಕೊಂಡರು.

“ಇದ್ಯಾಕ್ರಪ್ಪ, ಎಲ್ರೂ ಕಣ್ ಬುಟ್ಕೊಂಡೇ ಮಲಗ್ಬುಟ್ರಾ?”

ನಟರಾಜು ಓಡಿ ಬಂದರು. “ಕೇಳ್ತಾವ್ರೆ ಕಣಮ್ಮ, ನೀವು ಹೇಳಿ. ಆಗ್ಲೇ ನಾಕು ನಿಮಿಷ ಹೋಯ್ತು.”

“ಕೇಳ್ತಾವ್ರೆ ಅಂತ ನಂಗೆಂಗೆ ಗೊತ್ತಾಯ್ತದೆ? ಹೂಂ ಅನ್ನೋರು ಬ್ಯಾಡ್ವಾ?”

“ಹೂಂ ಅಂದ್ರೆ ರೆಕಾರ್ಡಿಂಗ್ ಕೆಡ್ತದಲ್ಲಮ್ಮ.”

“ಅಂಗಾರೆ ಗ್ವಾಡೆಗೆ ಕತೆ ಯೋಳ್ಲಾ?”

ಕಥೆಯ ಬಗ್ಗೆ ಎಷ್ಟೋ ಭಾಷಣ ಮಾಡಿದ್ದ ನಟರಾಜು ಗಡಿಯಾರ ತೋರಿಸಿ ಕೆಳಗಿಳಿದರು. ರುಕ್ಮಿಣಮ್ಮ ಸೆರಗು ಸರಿಮಾಡಿಕೊಂಡು ಕೊನೆಯ ಸಲ ಹೇಳಿದರು: “ಒಂದೂರಲ್ಲಿ ಒಬ್ಳು ಅಜ್ಜಿ ಇದ್ಲು.”

“ಹ್ಞೂಂ.”

ಹಾಗೆಂದವರು ಇನ್ನೊಬ್ಬ ತೀರ್ಪುಗಾರರಾದ ನಿವೃತ್ತ ಮೇಷ್ಟ್ರು ಶಿವಶಂಕರ. ಚಿಕ್ಕಂದಿನಲ್ಲಿ ತಮ್ಮ ಅಜ್ಜಿಯ ಕಥೆಗೆ ಹೂಂಗುಟ್ಟುತ್ತಲೇ ಬೆಳೆದವರು. ತಮ್ಮ ಬಾಯಿಂದ ಅದು ಬಂದದ್ದಕ್ಕೆ ಅವರೇ ಬೆಚ್ಚಿದರು. ಆದರೆ ಕಥೆ ಹೊರಟುಬಿಟ್ಟಿತ್ತು. ಅಜ್ಜಿಯ ಕೋಳಿ ಕಳೆದುಹೋಯಿತು, ಹ್ಞೂಂ. ಹೋಗಿ ರಾಜನ ಗದ್ದುಗೆ ಮೇಲೆ ಕಾವು ಕೂತಿತು, ಹ್ಞೂಂ. ಹದಿನಾಲ್ಕನೇ ನಿಮಿಷಕ್ಕೆ ಮುಗಿಯಿತು.

ತೀರ್ಪುಗಾರರೇ ಕಥೆಗೆ ಸೇರಿಕೊಂಡರೆ ಅಂಕ ಕೊಡುವವರು ಯಾರು? ಸಮಿತಿ ಎರಡು ಸಲ ಟೀ ಕುಡಿದರೂ ಬಗೆಹರಿಯಲಿಲ್ಲ. ಕೊನೆಗೆ ತಂಡದ ವಿಭಾಗದಲ್ಲಿ ‘ರುಕ್ಮಿಣಮ್ಮ ಮತ್ತು ಶಿವಶಂಕರ’ ಆಯ್ಕೆಯಾದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಂಪಾಪುರದ ಶಾಲೆಯಲ್ಲಿ ಅವರ ಮೊದಲ ಕಥೆ.

“ನಾನ್ಯಾಕಮ್ಮ? ಅಲ್ಲಿ ಮಕ್ಕಳೇ ಹೂಂ ಅಂತಾವೆ,” ಎಂದರು ಮೇಷ್ಟ್ರು.

ರುಕ್ಮಿಣಮ್ಮ ನಟರಾಜು ಕಡೆ ನೋಡಿದರು. “ಈವಯ್ಯ ಮುಂಚೇನೇ ಓಗಿ ಅವುಕ್ಕೂ ಬಾಯ್ ಮುಚ್ಚಿ ಅಂದ್ಬುಟ್ಟಿರ್ತಾರೆ. ಬನ್ನಿ ಮೇಷ್ಟ್ರೇ, ಒಂಬತ್ಗೆ ಬಸ್ಸು.”