ಡಬ್ಬಿಯೊಳಗಿನ ಡಬ್ಬಿಯಲ್ಲಿ ನೀಲವ್ವ

ನಾನೊಂದು ದುಂಡನೆಯ ಗೆರೆ. ಹೊಟ್ಟೆಯಲ್ಲಿ ಒಂದು ಹೆಸರು, ಮೈಗೆ ಎರಡು ಗೆರೆಯ ನಂಟು, ಸುತ್ತ ಗೋಡೆ. ಇಷ್ಟೇ ನನ್ನ ಆಸ್ತಿ. ಕೈಯಿಲ್ಲ, ಕಾಲಿಲ್ಲ, ಕಿವಿ ಮಾತ್ರ ಬಲು ಚುರುಕು.

ನಾನು ಹುಟ್ಟಿದ್ದು ಹಾವೇರಿಯಲ್ಲಿ, ಶೈಲಾ ಎಂಬ ಲೆಕ್ಕದ ಮೇಡಮ್ಮನ ಲ್ಯಾಪ್‌ಟಾಪಿನಲ್ಲಿ. ಆಕೆಯ ತವರು ಸವಣೂರಿನ ಎಲಿಗಾರರ ಮನೆ, ವೀಳ್ಯದೆಲೆ ವ್ಯಾಪಾರದವರು. ತಮ್ಮನಿಗೆ ಮಗಳು ಹುಟ್ಟಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಪಡಸಾಲೆಯಲ್ಲಿ ಇಡೀ ಮನೆತನದ ವಂಶವೃಕ್ಷ ತೂಗುಹಾಕಬೇಕೆಂದು ಶೈಲಾಗೆ ಹುಮ್ಮಸ್ಸು. ಅದಕ್ಕೊಂದು ತಂತ್ರಾಂಶ ಹುಡುಕಿದಳು. ಅದರಲ್ಲಿ ಒಬ್ಬೊಬ್ಬರಿಗೂ ಒಂದು ದುಂಡು ಗೆರೆ, ಒಂದೊಂದು ಸಂಸಾರದ ಸುತ್ತ ಒಂದು ಡಬ್ಬಿ, ಆ ಡಬ್ಬಿಗಳನ್ನೆಲ್ಲ ಸೇರಿಸಿ ಇನ್ನೊಂದು ದೊಡ್ಡ ಡಬ್ಬಿ. ಡಬ್ಬಿಯ ಮೂಲೆಯಲ್ಲೊಂದು ಗುಂಡಿ. ಒತ್ತಿದರೆ ಡಬ್ಬಿ ಮುದುಡಿಕೊಂಡು ಒಳಗಿನವರು ಮಾಯ. ಮತ್ತೆ ಒತ್ತಿದರೆ ಎಲ್ಲರೂ ಹಾಜರು. ಆ ತಂತ್ರಾಂಶದ್ದು ಒಂದೇ ಹಟ: ಒಬ್ಬರು ಒಂದೇ ಡಬ್ಬಿಯಲ್ಲಿರಬೇಕು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಇಂಥ ಹಟ ನಡೆದೀತೇ, ನೀವೇ ಹೇಳಿ!

ನನಗೆ ಬಿದ್ದ ಹೆಸರು ನೀಲವ್ವ. ಶೈಲಾಳ ತಂದೆಯ ತಂಗಿ, ಅಂದರೆ ಸೋದರತ್ತೆ. ಶಿಗ್ಗಾವಿಯ ಗಂಜೀಗಟ್ಟಿಯವರ ಮನೆಗೆ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಗಂಡ ಚನ್ನವೀರ ಕಾಮಾಲೆಯಲ್ಲಿ ತೀರಿಕೊಂಡ. ಅಣ್ಣ ಹೋಗಿ ಕರೆತಂದ. ಅಂದಿನಿಂದ ಆಕೆಯ ಜೀವಮಾನವೆಲ್ಲ ಎಲಿಗಾರರ ಮನೆಯಲ್ಲೇ. ಶೈಲಾಗೆ ಎಣ್ಣೆ ಹಚ್ಚಿ ನೀರು ಹಾಕಿದವಳು, ಹೆರಳು ಹಾಕಿದವಳು, ತೊಟ್ಟಿಲಲ್ಲಿ ಕಿವಿಯ ಹತ್ತಿರ ಬಾಗಿ 'ಶೈಲಾ' ಎಂಬ ಹೆಸರನ್ನು ಮೊದಲು ಹೇಳಿದವಳೂ ಆಕೆಯೇ.

ಶೈಲಾ ನನ್ನನ್ನು ಎಲ್ಲಿಟ್ಟಳು ಗೊತ್ತೇ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ಅದನ್ನೇ ನಿಯಮ ಮಾಡಿಕೊಂಡಳು. ಒಂದು ಬದಿಗೆ 'ಕೊಟ್ಟ ಹೆಣ್ಣುಮಕ್ಕಳು' ಎಂದು ದೊಡ್ಡ ಡಬ್ಬಿ ಮಾಡಿ, ಅದರೊಳಗೆ ಒಬ್ಬೊಬ್ಬಳಿಗೂ ಅವಳ ಗಂಡನ ಮನೆಯ ಡಬ್ಬಿ ಮಾಡಿದಳು. ತನ್ನನ್ನೂ ಗಂಡ ಮಕ್ಕಳ ಜೊತೆ ಅಲ್ಲೇ ಇಟ್ಟುಕೊಂಡಳು. ನಾನು ಚನ್ನವೀರನ ಪಕ್ಕ ಗಂಜೀಗಟ್ಟಿಯವರ ಡಬ್ಬಿಗೆ ಬಿದ್ದೆ. ಇಬ್ಬರೇ ನಾವು. ಅವನೋ ಪಾಪ, ಬಾಯಿಲ್ಲದ ಮನುಷ್ಯ. ನನ್ನ ತಂದೆತಾಯಿಯಿಂದ ಹೊರಟ ಗೆರೆ ಡಬ್ಬಿಗಳ ಗೋಡೆ ದಾಟಿ ನನ್ನ ಮೈ ಮುಟ್ಟುತ್ತಿತ್ತು. ಅದೊಂದೇ ಸಮಾಧಾನ.

ಆಮೇಲೆ ಚಿತ್ರ ಸವಣೂರಿನ ಫ್ಲೆಕ್ಸ್ ಅಂಗಡಿಗೆ ಹೋಯಿತು. ಅಂಗಡಿಯ ಮಕ್ತುಮಸಾಬ ತನ್ನ ಕಂಪ್ಯೂಟರಿನಲ್ಲಿ ನಮ್ಮನ್ನು ತೆರೆದು ಶೈಲಾಗೆ ಫೋನು ಮಾಡಿದ.

"ಮೇಡಂ, ಅಳತಿ ಸಾಲವಲ್ದರಿ. ಅಕ್ಷರ ಸಾಸಿವಿಯಂಗ ಕಾಣ್ತಾವು. ಒಂದೆರಡು ಡಬ್ಬಿ ಮುಚ್ಚಲೇನ್ರಿ?"

"ಯಾವ್ದು ಮುಚ್ತೀರಿ?"

"ನೀವs ಹೇಳ್ರಿ."

ಶೈಲಾ ಕ್ಲಾಸಿಗೆ ಹೊರಟ ಗಡಿಬಿಡಿಯಲ್ಲಿದ್ದಳು. "ಮಕ್ಕಳಿಲ್ಲದ ಮನಿ ಮುಚ್ಚಿಬಿಡ್ರಿ," ಅಂದಳು.

ಗುಂಡಿ ಒತ್ತಿದ. ನಾಲ್ಕೂ ಗೋಡೆ ಒಳಗೆ ಸರಿದು ಬಂದವು. ತವರಿನ ಗೆರೆ ಡಬ್ಬಿಯ ಹೊಸ್ತಿಲಿನ ಹೊರಗೇ ನಿಂತುಬಿಟ್ಟಿತು. "ಯಪ್ಪಾ, ನಾನಿಲ್ಲಿದ್ದೇನೆ!" ಎಂದು ಕೂಗಿದೆ. ದುಂಡು ಗೆರೆಯ ಕೂಗು ಯಾರಿಗೆ ಕೇಳಬೇಕು? ಮಕ್ತುಮಸಾಬ ಹಾಗೆಯೇ ಅಚ್ಚು ಹಾಕಿ, ಚಿತ್ರವನ್ನು ಶೈಲಾಗೆ ವಾಪಸು ಕಳಿಸಿದ.

ತೊಟ್ಟಿಲ ದಿನ ಬಂತು. ಜೋಗುಳದ ಹಾಡು ಹಚ್ಚಲು ಶೈಲಾ ಲ್ಯಾಪ್‌ಟಾಪನ್ನು ಪಡಸಾಲೆಯಲ್ಲೇ, ಆ ಫ್ಲೆಕ್ಸಿನ ಕೆಳಗೆ ಇಟ್ಟಿದ್ದಳು. ಬಂದವರೆಲ್ಲ ಬೆರಳಿಟ್ಟು ತಮ್ಮ ತಮ್ಮ ಹೆಸರು ಹುಡುಕುವವರೇ. ಕೊನೆಗೆ ನೀಲವ್ವನ ದನಿ ಕೇಳಿತು.

"ಶೈಲಾ, ಚಾಳೀಸು ಹಾಕ್ಕೊಂಡು ನೋಡಿದ್ನೆವಾ. ನನ್ನ ಹೆಸರs ಇಲ್ಲಲ್ಲ?"

"ಐತಿ ಅತ್ತಿ, ಒಳಗೈತಿ. ಗಂಜೀಗಟ್ಟಿ ಡಬ್ಬಿ ಮುಚ್ಚೈತಿ."

"ಗಂಜೀಗಟ್ಟಿಯವರ ಮನ್ಯಾಗ ನಾ ಹೋಳಿಗಿ ಮಾಡಿದ್ದು ಒಂದs ಹಬ್ಬಕ್ಕ. ಇಲ್ಲಿ ಎಷ್ಟು ಮಾಡೇನಿ, ಲೆಕ್ಕ ಇಟ್ಟಿಯೇನ ಮೇಡಮ್ಮ? ಹೋಗ್ಲಿ, ಯಾಕ ಮುಚ್ಚಿದಿ?"

ಶೈಲಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಜಾಗ ಸಾಲಲಿಲ್ಲ ಅತ್ತಿ. ಮಕ್ಕಳಿಲ್ಲದ ಮನಿ ಮುಚ್ಚರಿ ಅಂದೆ."

"ಹಂಗಾರ ನೀ ನನಗ ಏನವ್ವಾ?" ಅಂದಳು ನೀಲವ್ವ.

ಶೈಲಾ ಅಳುತ್ತ ಲ್ಯಾಪ್‌ಟಾಪಿನ ಮುಂದೆ ಕುಕ್ಕರಿಸಿ ಗುಂಡಿ ಒತ್ತಿದಳು. ಗೋಡೆ ಸರಿದು ಬೆಳಕು ಬಂತು. ಯಾರ ಹೆಸರು ಹೊತ್ತಿದ್ದೆನೋ ಆ ಮುಖವನ್ನು ಅವತ್ತೇ ಮೊದಲು ಕಂಡೆ. ಹಣೆಯ ಮೇಲೆ ವಿಭೂತಿ, ಕಣ್ಣಲ್ಲಿ ನೀರು. ಶೈಲಾ ನನ್ನನ್ನು ಹಿಡಿದು ಎಲಿಗಾರರ ಡಬ್ಬಿಯ ಕಡೆಗೆ ಎಳೆಯತೊಡಗಿದಳು. "ಬ್ಯಾರೆ ಫ್ಲೆಕ್ಸ್ ಮಾಡಸ್ತೀನಿ ಅತ್ತಿ, ನಾಳೆನs." ನನಗೆ ಆನಂದವೋ ಆನಂದ. ಮನೆಗೆ ಹೊರಟಿದ್ದೆ!

ನೀಲವ್ವ ಶೈಲಾಳ ಕೈ ಹಿಡಿದಳು. "ತಡಿ. ನನ್ನ ತಗದ್ರ ಆ ಡಬ್ಬ್ಯಾಗ ಅವ ಒಬ್ಬನs ಆಗ್ತಾನಲ್ಲ? ಸಾಯೋ ಮುಂದನೂ ಒಬ್ಬನs ಇದ್ದ, ನಾ ನೀರಿಗೆ ಹೋಗಿದ್ದೆ. ಬ್ಯಾಡ. ಅದು ಅಲ್ಲೇ ಇರ್ಲಿ."

'ಅದು' ಎಂದರೆ ನಾನು.

ಆಮೇಲೆ ಆಕೆ ತೊಟ್ಟಿಲ ಹತ್ತಿರ ಹೋಗಿ ಕೂಸಿನ ಕಾಡಿಗೆ ಡಬ್ಬಿಯಲ್ಲಿ ಬೆರಳದ್ದಿದಳು. ಗೋಡೆಗೆ ಬಂದು, ಎಲಿಗಾರರ ಡಬ್ಬಿಯ ಒಳಗೆ, ಅಣ್ಣನ ಹೆಸರಿನ ಪಕ್ಕದಲ್ಲಿ ಒಂದು ಬೊಟ್ಟು ಇಟ್ಟಳು. "ಇದು ನಾ. ನಡೀರಿ, ಕೂಸಿಗೆ ಹೆಸರಿಡ್ರಿ, ಹೊತ್ತಾತು."

ಶೈಲಾ ನನ್ನನ್ನು ಚನ್ನವೀರನ ಪಕ್ಕಕ್ಕೇ ವಾಪಸು ಬಿಟ್ಟು, ಚಿತ್ರ ಮುಚ್ಚಿ ಹಾಡು ಹಚ್ಚಿದಳು. ಮುಚ್ಚುವಾಗ ಡಬ್ಬಿಯ ಗುಂಡಿಯನ್ನೂ ಒತ್ತಿದಳು. ಈಗ ಆಕೆಯೇ ಸೋದರತ್ತೆ. ಕೂಸಿನ ಕಿವಿಗೆ ಬಾಗಿ ಹೆಸರು ಹೇಳಿದಳು. ವಾಡಿಕೆಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಎಲ್ಲಕ್ಕಿಂತ ಜೋರಾದ ಗುದ್ದು ನೀಲವ್ವನದು. "ಯವ್ವಾ!" ಎಂದು ಶೈಲಾ ಚೀರಿದ್ದು, ಆಮೇಲೆ ಇಬ್ಬರೂ ನಕ್ಕಿದ್ದು ಕತ್ತಲಲ್ಲೇ ಕೇಳಿಸಿತು.

ಈಗ ಆ ಲ್ಯಾಪ್‌ಟಾಪ್ ಹಳೆಯದಾಗಿ ಹಾವೇರಿಯ ಮನೆಯ ಟ್ರೆಜರಿ, ಅಂದರೆ ಕಬ್ಬಿಣದ ಬೀರು, ಸೇರಿದೆ. ಮೇಲೆ ರಗ್ಗುಗಳು. ಟ್ರೆಜರಿಯಲ್ಲಿ ಲ್ಯಾಪ್‌ಟಾಪು, ಅದರಲ್ಲಿ ಚಿತ್ರ, ಚಿತ್ರದಲ್ಲಿ ಡಬ್ಬಿ, ಡಬ್ಬಿಯಲ್ಲಿ ಡಬ್ಬಿ, ಅದರಲ್ಲಿ ನಾನು. ಟ್ರೆಜರಿ ತೆರೆದಾಗಲೊಮ್ಮೆ ಮಾತು ಕಿವಿಗೆ ಬೀಳುತ್ತದೆ. ನೀಲವ್ವ ತೀರಿಕೊಂಡಳಂತೆ. ಆ ಫ್ಲೆಕ್ಸು ಇನ್ನೂ ಸವಣೂರಿನ ಗೋಡೆಯ ಮೇಲಿದೆಯಂತೆ. ಧೂಳು ಹೊಡೆಯುವಾಗ ಕಾಡಿಗೆಯ ಬೊಟ್ಟಿಗೆ ಬಟ್ಟೆ ತಾಗದಂತೆ ನೋಡಿಕೊಳ್ಳುತ್ತಾರಂತೆ.

ಆ ಬೊಟ್ಟಿಗೆ ಹೆಸರಿಲ್ಲ, ಗೆರೆಯಿಲ್ಲ. ಆದರೂ ಅದೇ ನೀಲವ್ವ. ನನ್ನ ಹೊಟ್ಟೆಯಲ್ಲಿ ಹೆಸರಿದೆ, ಅವಳಿಲ್ಲ. ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಪಕ್ಕದಲ್ಲಿ ಚನ್ನವೀರನಿದ್ದಾನೆ. ಅವನನ್ನು ಒಬ್ಬನನ್ನೇ ಬಿಡಬೇಡ ಎಂದು ಆಕೆ ನನ್ನನ್ನು ಕೂರಿಸಿ ಹೋಗಿದ್ದಾಳೆ. ಕೂತಿದ್ದೇನೆ.