ಆ ಸ್ವರ ಯಾರದು

ಮೂರನೆಯ ಮಹಡಿಗೆ ಇನ್ನೆರಡು ಮೆಟ್ಟಿಲು ಬಾಕಿಯಿದ್ದಾಗ ಒಳಗಿನಿಂದ ತಂತಿಗಳನ್ನು ಶ್ರುತಿಗೂಡಿಸುವ ಸದ್ದು ಕೇಳಿಸಿತು. ಅವನು ಎರಡು ಮೆಟ್ಟಿಲು ಕೆಳಗಿಳಿದ.

ಪಿಟೀಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಲ್ಲೇ ನಿಂತ. ವಾಪಸು ಹೋದರೆ ಯಾಕೆಂದು ಕೇಳುವವರಿಲ್ಲ. ಕೇಳುವವರಿಲ್ಲ ಎಂದೇ ಅಲ್ಲವೇ ಬಂದದ್ದು ಎಂದುಕೊಂಡಾಗ ನಗು ಬಂತು. ಗಂಟಲು ದಾಟಲಿಲ್ಲ.

ಈ ಊರಿಗೆ ಬಂದು ಐದು ತಿಂಗಳಾಗಿತ್ತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವನ ಕೋಣೆ. ಒಂದು ಸೂಕ್ಷ್ಮದರ್ಶಕ, ಒಂದು ತಿರುಗುವ ಕುರ್ಚಿ, ತಟ್ಟೆಗಳಲ್ಲಿ ಜೋಡಿಸಿಟ್ಟ ಗಾಜಿನ ಪಟ್ಟಿಗಳು. ಮೇಲಿನ ಮಹಡಿಗಳಲ್ಲಿ ಯಾರದೋ ಮೈಯಿಂದ ಚಿವುಟಿ ತೆಗೆದ ಚೂರು, ನೇರಳೆ ಬಣ್ಣ ಬಳಿಸಿಕೊಂಡು ಅವನ ಕಣ್ಣಿನ ಕೆಳಗೆ ಬರುತ್ತಿತ್ತು. ರೋಗ ಇದೆಯೋ ಇಲ್ಲವೋ ಎಂದು ಬರೆದು ರುಜು ಹಾಕುವುದು ಅವನ ಕೆಲಸ. ಡಾಕ್ಟರಾಗಿ ಹತ್ತೊಂಬತ್ತು ವರ್ಷ ಕಳೆದಿದ್ದರೂ ರೋಗಿಗಳ ಮುಖ ನೋಡಿದ್ದು ಕಡಿಮೆ. ಗಾಜಿನ ಮೇಲೆ ಹೆಸರಿರುವುದಿಲ್ಲ, ನಂಬರಿರುತ್ತದೆ.

ಹಳೆಯ ಊರಿನಲ್ಲಿ ಅಂಥದೊಂದು ನಂಬರಿಗೆ ‘ರೋಗದ ಲಕ್ಷಣವಿಲ್ಲ’ ಎಂದು ಬರೆದಿದ್ದ. ಎಂಟು ತಿಂಗಳ ಮೇಲೆ ಅದೇ ರೋಗಿಯ ಇನ್ನೊಂದು ಚೂರು ಬಂತು. ಈ ಸಲ ನಿನ್ನೆ ಮೊನ್ನೆ ಕಲಿತವನಿಗೂ ಕಾಣುವಷ್ಟು ರೋಗವಿತ್ತು. ಬಾಗಿಲು ಹಾಕಿಕೊಂಡು ಹಳೆಯ ಗಾಜನ್ನು ಹುಡುಕಿ ತೆಗೆದು ನೋಡಿದ. ಒಂದು ಮೂಲೆಯಲ್ಲಿ ಆಗಲೂ ಇತ್ತು. ಗಾಜನ್ನು ಇದ್ದಲ್ಲಿಯೇ ಇಟ್ಟ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಈ ಊರಿನಲ್ಲಿ ಜಾಗ ಖಾಲಿಯಿದೆ ಎಂದು ತಿಳಿದ ದಿನವೇ ಅರ್ಜಿ ಹಾಕಿದ.

ತಂಗಿ ಫೋನು ಮಾಡುತ್ತಿದ್ದಳು.

“ಅಣ್ಣಾ, ಅಲ್ಲಿ ಯಾರ ಹತ್ರನಾದ್ರೂ ಮಾತಾಡ್ತೀಯೋ ಇಲ್ವೋ?”

“ಮಾತಾಡ್ತೀನಿ.”

“ಯಾರ ಹತ್ರ?”

“ಲಿಫ್ಟಿನವನ ಹತ್ರ.”

“ಏನಂತ?”

“ನೆಲಮಾಳಿಗೆ ಅಂತ.”

ಅವಳು ನಗಲಿಲ್ಲ. ಮುಂದಿನ ವಾರ ಅಟ್ಟದ ಮೇಲಿದ್ದ ಅವನ ಪಿಟೀಲು ಪಾರ್ಸಲ್ಲಿನಲ್ಲಿ ಬಂತು.

ಚೀಟಿ ಕಣ್ಣಿಗೆ ಬಿದ್ದದ್ದು ಲೈಬ್ರರಿಯ ಹಲಗೆಯ ಮೇಲೆ. ‘ತಂತಿವಾದ್ಯ ನುಡಿಸುವವರು ಬನ್ನಿ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ, ಶಾಲೆಯ ಮೂರನೆಯ ಮಹಡಿಯಲ್ಲಿ. ಹೊಸಬರಿಗೆ ಹೆದರಿಕೆ ಬೇಡ.’ ಕೊನೆಯ ಸಾಲು ಓದುವವರೆಗೆ ಅವನಿಗೆ ಹೆದರಿಕೆ ಇರಲಿಲ್ಲ.

“ಹತ್ತುತೀರೋ ಇಳೀತೀರೋ? ಎರಡಕ್ಕೂ ಈ ಮೆಟ್ಟಿಲು ಸಾಲಲ್ಲ.”

ಮೆಟ್ಟಿಲ ಮೇಲೆ ಅವನ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಹತ್ತಿರ. ಒಂದು ಕೈಯಲ್ಲಿ ಪಿಟೀಲಿನ ಪೆಟ್ಟಿಗೆ. ಕೊರಳಲ್ಲಿ ಅಳತೆಯ ಟೇಪು, ತೆಗೆದಿಡಲು ಮರೆತದ್ದು.

“ಹತ್ತುತೀನಿ,” ಅಂದ. ಬೇರೇನೂ ಹೇಳಲು ಹೊಳೆಯಲಿಲ್ಲ.

ಅದು ಚಿಕ್ಕ ಮಕ್ಕಳ ಶಾಲೆಯ ಚಿತ್ರಕಲೆಯ ಕೋಣೆ. ಗೋಡೆಯ ತುಂಬ ಒಂದೇ ಮನೆ, ಒಂದೇ ಸೂರ್ಯ, ಮೂವತ್ತು ಕೈಗಳಲ್ಲಿ. ಕುರ್ಚಿಗಳೂ ಮಕ್ಕಳವೇ, ದೊಡ್ಡವರೆಲ್ಲ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಎಲ್ಲರೂ ಅವನತ್ತ ನೋಡಿ ನಕ್ಕರು. ಹದಿನಾಲ್ಕು ನಗು. ಇಷ್ಟು ಜನ ಒಟ್ಟಿಗೆ ನಗುವಂಥದ್ದು ನನ್ನಲ್ಲೇನಿದೆ ಎಂದು ಅವನು ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡ.

ನುಡಿಸುವವರನ್ನು ನಡೆಸುತ್ತಿದ್ದವರು ಗಡಿಯಾರ ರಿಪೇರಿಯವರು. ಎಲ್ಲರಿಗೂ ಗಡಿಯಾರದ ಮೇಷ್ಟ್ರು. ಸಣಕಲು ಮೈ, ಒಂದು ಕಣ್ಣು ಸದಾ ಕಿರಿದು.

“ಎಷ್ಟು ವರ್ಷ ಕಲಿತಿದ್ದೀರಿ?”

“ಒಂಬತ್ತು.”

“ಬಿಟ್ಟು?”

“ಇಪ್ಪತ್ತು.”

“ಕೈ ಮರೆಯಲ್ಲ ಬಿಡಿ. ಕಿವಿ ಮರೆತಿರತ್ತೆ. ಕೂತ್ಕೊಳ್ಳಿ.”

ಟೇಪಿನ ಹೆಂಗಸಿನ ಪಕ್ಕ ಜಾಗವಿತ್ತು. ಟೈಲರಕ್ಕ ಎಂದು ಅವಳನ್ನು ಎಲ್ಲರೂ ಕರೆಯುತ್ತಿದ್ದರು. ಅವಳು ಸ್ವರದ ಹಾಳೆಯನ್ನು ಅವನಿಗೂ ಕಾಣುವಂತೆ ಸರಿಸಿದಳು.

ಮೊದಲ ಎಳೆತಕ್ಕೇ ಅವನ ಬೆನ್ನು ಜುಮ್ಮೆಂದಿತು. ಎಡದಿಂದ, ಬಲದಿಂದ, ಬೆನ್ನ ಹಿಂದಿನ ದೊಡ್ಡ ಪಿಟೀಲಿನಿಂದ ಸದ್ದು ಎದ್ದು ಬಂದು ಅವನ ಸದ್ದನ್ನೂ ಎತ್ತಿಕೊಂಡಿತು. ತನ್ನದು ಯಾವುದು, ಅವರದು ಯಾವುದು ತಿಳಿಯಲಿಲ್ಲ. ಐದು ತಿಂಗಳಲ್ಲಿ ಮೊದಲ ಸಲ ಅವನು ತಾನಿದ್ದೇನೆ ಎಂಬುದನ್ನು ಮರೆತ. ಬಹುಶಃ ಅದಕ್ಕೇ ಬೆರಳು ಜಾರಿತು.

ಒಂದೇ ಸ್ವರ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಮೇಷ್ಟ್ರು ಕೈ ಎತ್ತಿದರು. ಎಲ್ಲ ನಿಂತಿತು.

“ಆ ಸ್ವರ ಯಾರದು?”

ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲು ಬಡಿದವರು ಯಾರು ಎಂದು ಕೇಳಿದಷ್ಟೇ ಸಾದಾ. ‘ನನ್ನದು’ ಎಂದರೆ ಮುಗಿಯಿತು. ಮೂರಕ್ಷರ. ಅವನು ಹಾಳೆಯನ್ನೇ ನೋಡುತ್ತ ಕೂತ.

“ನಂದೇ ಮೇಷ್ಟ್ರೇ,” ಅಂದಳು ಟೈಲರಕ್ಕ. “ಬೆರಳು ಜಾರ್ತು.”

“ಒಬ್ಬರೇ ನುಡಿಸಿ.”

ನುಡಿಸಿದಳು. ಸರಿಯಾಗಿತ್ತು.

“ಇನ್ನೊಂದ್ಸಲ.”

ಸರಿಯಾಗಿತ್ತು.

“ಸರಿಯಾಗೇ ಬರ್ತಿದೆಯಲ್ಲ?”

“ಆವಾಗ ಬರಲಿಲ್ಲ,” ಅಂದಳು. ಟೇಪಿನ ಕೆಳಗೆ ಅವಳ ಕೊರಳು ಕೆಂಪಾಗಿತ್ತು. ಮೇಷ್ಟ್ರು ಕಿರಿದಾದ ಕಣ್ಣನ್ನು ಇನ್ನಷ್ಟು ಕಿರಿದು ಮಾಡಿ, ಅವಳನ್ನಲ್ಲ, ಕಿಟಕಿಯನ್ನು ನೋಡಿದರು. “ಚಹಾ ಕುಡಿಯೋಣ,” ಅಂದರು.

ಕಿಟಕಿಯ ಹತ್ತಿರ ಟೈಲರಕ್ಕ ಅವನಿಗೊಂದು ಕಪ್ಪು ತಂದುಕೊಟ್ಟಳು. ಕೃತಜ್ಞತೆ ಹೇಳಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ಅವನು, “ಸಕ್ಕರೆ ಸಾಕು,” ಅಂದ.

“ಮನಸ್ಸಿಗೆ ಹಚ್ಕೋಬೇಡಿ. ನಾನು ಬಂದ ದಿನ ಅಗೋ, ಆ ಹಲ್ಲಿನ ಡಾಕ್ಟ್ರು ನಂದನ್ನ ತಮ್ಮ ಮೇಲೆ ಹಾಕ್ಕೊಂಡ್ರು. ಇಲ್ಲಿ ಹಾಗೇ. ನಾಳೆ ಇನ್ಯಾರೋ ಹೊಸಬರು ಬರ್ತಾರೆ, ಆಗ ನೀವು ಹೇಳಿ.”

“ಮೇಷ್ಟ್ರಿಗೆ ಗೊತ್ತಾಗಲ್ವಾ?”

“ಗಡಿಯಾರದೊಳಗೆ ಯಾವ ಹಲ್ಲು ಸವೆದಿದೆ ಅಂತ ಕಿವಿ ಇಟ್ಟು ಹೇಳೋ ಮನುಷ್ಯ. ಅವರಿಗೆ ಗೊತ್ತಾಗದೆ ಇರತ್ತಾ?”

“ಮತ್ತೆ ಯಾಕೆ ಕೇಳ್ತಾರೆ?”

“ಯಾರು ಹೇಳ್ತಾರೆ ಅಂತ ನೋಡೋಕೆ.”

ಚಹಾ ಬಾಯಿ ಸುಟ್ಟಿತು. ಅವನು ನುಂಗಿದ.

“ನೀವೇನು ಕೆಲಸ ಮಾಡೋದು?”

ಹೇಳಿದ. ಅವಳು ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಆ ದೊಡ್ಡಾಸ್ಪತ್ರೇಲಾ? ನಮ್ಮಕ್ಕನಿಗೆ ಎದೇಲಿ ಗಂಟು. ಗುರುವಾರ ಚೂರು ತೆಗೆದ್ರು. ಸೋಮವಾರ ರಿಪೋರ್ಟು. ನೀವೇ ನೋಡೋದಾ?”

“ಇನ್ನೂ ಇಬ್ಬರಿದ್ದಾರೆ.”

ಇರಲಿಲ್ಲ. ಗುರುವಾರದ ತಟ್ಟೆಯಲ್ಲಿ ಅಂಥ ಗಾಜುಗಳು ನಾಲ್ಕು. ಮೂರನ್ನು ಈ ದಿನ ಬೆಳಿಗ್ಗೆ ಮುಗಿಸಿದ್ದ. ನಾಲ್ಕನೆಯದರ ಅಂಚಿನಲ್ಲಿ ಏನೋ ಇತ್ತು. ಏನೂ ಇಲ್ಲದೆಯೂ ಇರಬಹುದು. ಅನುಮಾನವೆಂದು ಬರೆದು ಬೇರೆ ಆಸ್ಪತ್ರೆಯವರ ಕಣ್ಣಿಗೆ ಕಳಿಸಬಹುದಿತ್ತು. ಹೊಸಬನಿಗೆ ಇಷ್ಟೂ ತಿಳಿಯದೇ ಎಂದಾರು. ಹಳೆಯ ಊರಿಗೆ ಫೋನು ಮಾಡಿಯಾರು. ಅವನು ಪೆನ್ಸಿಲಿನಲ್ಲಿ ‘ಲಕ್ಷಣವಿಲ್ಲ’ ಎಂದು ಬರೆದು, ರುಜು ಹಾಕದೆ, ಎದ್ದು ಬಂದಿದ್ದ.

“ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ ಡಾಕ್ಟ್ರೇ. ಗೊತ್ತಾಗದೆ ಇದ್ರೆ ಗೊತ್ತಾಗಲಿಲ್ಲ ಅಂತ ಹೇಳ್ತಾರಲ್ಲ ಅಲ್ಲಿ?”

“ಹೇಳ್ತಾರೆ.”

“ಸದ್ಯ,” ಅಂದಳು. “ಅಕ್ಕ ಎರಡು ರಾತ್ರಿ ಕಣ್ಣು ಮುಚ್ಚಿಲ್ಲ. ನಮ್ಮ ಜೊತೆ ನುಡಿಸೋರೇ ಅಲ್ಲಿದ್ದಾರೆ ಅಂತ ಇವತ್ತು ಹೇಳ್ತೀನಿ. ನಿದ್ದೆ ಮಾಡ್ತಾಳೆ.”

ಈಗ ಹೇಳಿಬಿಡಬೇಕು ಎಂದು ಅವನಿಗೆ ಅನ್ನಿಸಿತು. ನಾಲ್ಕನೆಯ ಗಾಜಿನ ಮಾತು, ಹಳೆಯ ಗಾಜಿನ ಮಾತು, ಎಲ್ಲ. ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಮೇಷ್ಟ್ರು ಚಪ್ಪಾಳೆ ತಟ್ಟಿದರು.

“ಮೊದಲಿಂದ.”

ಸದ್ದು ಮತ್ತೆ ಎದ್ದಿತು. ಈ ಸಲ ಅದು ಅವನನ್ನು ಎತ್ತಿಕೊಳ್ಳಲಿಲ್ಲ. ಅವನು ಹಾಳೆಯ ಮೇಲೆ ಆ ಸ್ವರ ಬರುವ ಜಾಗವನ್ನು ನೋಡುತ್ತಿದ್ದ. ಅದು ಸಾಲಿನಿಂದ ಸಾಲಿಗೆ ಹತ್ತಿರವಾಗುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ತಲೆಯನ್ನು ಇತ್ತ ವಾಲಿಸಿದ್ದರು. ಇನ್ನು ಮೂರು ಎಳೆತ. ಇನ್ನೆರಡು.

ಅವನು ಕಮಾನನ್ನು ತಂತಿಯಿಂದ ಒಂದು ಕೂದಲೆಳೆಯಷ್ಟು ಮೇಲೆತ್ತಿದ.

ಕೈ ನಿಲ್ಲಲಿಲ್ಲ. ಎಲ್ಲರ ಜೊತೆ ಹೋಯಿತು, ಎಲ್ಲರ ಜೊತೆ ಬಂತು. ಆ ಜಾಗ ದಾಟಿತು. ಒಂದು ಕಲೆಯಿಲ್ಲ.

ಮೇಷ್ಟ್ರು ಕಣ್ಣು ತೆರೆದು ನೇರ ಅವನನ್ನೇ ನೋಡಿದರು.

“ಈಗ ಕೂಡಿತು,” ಅಂದರು.

ಇನ್ನು ಕಮಾನನ್ನು ತಂತಿಗೆ ಇಳಿಸಬಹುದಿತ್ತು. ಮುಂದಿನ ಸಾಲು ಸುಲಭವಿತ್ತು, ಅದರ ಮುಂದಿನದೂ. ಅವನು ಇಳಿಸಲಿಲ್ಲ. ಅಕ್ಕಪಕ್ಕದ ಪಿಟೀಲುಗಳ ಮೇಲೆ, ಕಮಾನಿಗೆ ಹಚ್ಚಿದ ರಾಳದ ಬಿಳಿ ಪುಡಿ ಉದುರುತ್ತಿತ್ತು. ಅವನದರ ಮೇಲೆ ಒಂದು ಕಣವೂ ಬೀಳಲಿಲ್ಲ. ಎಡಗೈಯ ಬೆರಳುಗಳು ಅಷ್ಟೂ ಸ್ವರಗಳನ್ನು ಒತ್ತಿ ಒತ್ತಿ ಬಿಡುತ್ತಿದ್ದವು. ಯಾವುದೂ ತಪ್ಪಲಿಲ್ಲ.

ಆಗ ಟೈಲರಕ್ಕ, ಕಣ್ಣನ್ನು ಹಾಳೆಯಿಂದ ಕೀಳದೆ, ತನ್ನ ನುಡಿಕೆಯನ್ನು ನಿಲ್ಲಿಸದೆ, ಏನೋ ಕೇಳಿಸುತ್ತಿಲ್ಲವಲ್ಲ ಎಂಬಂತೆ, ಅವನ ಪಿಟೀಲಿನ ಕಡೆಗೆ ಒಂದೊಂದೇ ಕೂದಲೆಳೆಯಷ್ಟು ಕಿವಿ ವಾಲಿಸತೊಡಗಿದಳು.

ಅವನ ಕಮಾನು ಉಳಿದ ಹದಿನಾಲ್ಕರ ಜೊತೆ ಮೇಲೆ ಹೋಯಿತು, ಕೆಳಗೆ ಬಂತು, ಮೇಲೆ ಹೋಯಿತು.